ಕೈಗೂ ತೆರೆಗೂ ನಡುವೆ

ಕಂಪ್ಯೂಟರಿನಲ್ಲಿ ಆಟವಾಡುವ ಮಕ್ಕಳಿರುವ ಮನೆಯಲ್ಲಿ "ಮೌಸು ಲ್ಯಾಗ್ ಆಗುತ್ತಿದೆ" ಎಂಬ ದೂರು ಒಂದಲ್ಲ ಒಂದು ದಿನ ಹಿರಿಯರ ಕಿವಿಗೆ ಬಿದ್ದೇ ಬೀಳುತ್ತದೆ. ಕೈ ಸರಿದರೂ ತೆರೆಯ ಮೇಲಿನ ಬಾಣ ಸರಿಯದು. ಅರೆಗಳಿಗೆ ತಡೆದು, ಆಮೇಲೆ ಬೇಡವಾದಷ್ಟು ದೂರ ನೆಗೆದು ನಿಲ್ಲುತ್ತದೆ. ಅಷ್ಟರಲ್ಲಿ ಎದುರಾಳಿ ತನ್ನ ಕೆಲಸ ಮುಗಿಸಿರುತ್ತಾನೆ. ದೂರಿನ ಮುಂದಿನ ಮಾತು ಹೊಸ ಮೌಸು ಕೊಡಿಸಬೇಕೆಂಬುದು. ಹಣ ತೆರುವ ಮೊದಲು ಈ ಉಪಕರಣದ ಚರಿತ್ರೆಯನ್ನು ಕೊಂಚ ತಿಳಿದುಕೊಳ್ಳುವುದು ಮೇಲು. ಏಕೆಂದರೆ ಕಳೆದ 60 ವರ್ಷಗಳಲ್ಲಿ ಈ ವಿಳಂಬವೆಂಬುದು ಒಂದೇ ಕಡೆ ನೆಲಸಿದುದಲ್ಲ. ಬಿಡಾರ ಬದಲಾಯಿಸುತ್ತಲೇ ಬಂದಿದೆ. ನಮ್ಮ ಸಂಶಯ ಮಾತ್ರ ಇಂದಿಗೂ ಅದರ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿದೆ.

ಹೆಸರು ಇಲಿಯೆಂದಾದರೂ ಹುಟ್ಟಿದಾಗ ಅದು ಮರದ ತುಂಡು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಾಸ್ ಎಂಗಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಇಂಜಿನಿಯರು 1964ರಲ್ಲಿ ಅದನ್ನು ಕಟ್ಟಿದರು. ಅಂಗೈಗೆ ಒದಗುವ ಮರದ ಪೆಟ್ಟಿಗೆ, ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಕೂಡಿಸಿದ ಎರಡು ಲೋಹದ ಚಕ್ರ, ಮೇಲೊಂದು ಗುಂಡಿ. ಒಂದು ಚಕ್ರ ಅಡ್ಡ ಚಲನೆಯನ್ನೂ ಇನ್ನೊಂದು ಉದ್ದ ಚಲನೆಯನ್ನೂ ಅಳೆಯುತ್ತಿದ್ದಿತು. ಆ ಚಕ್ರಗಳು ತಿರುಗಿಸುತ್ತಿದ್ದುದು, ರೇಡಿಯೋದ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯ ಹಿಂದೆ ಇರುವಂಥದೇ ಒಂದು ಬಿಡಿಭಾಗವನ್ನು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಎಂಗಲ್‌ಬಾರ್ಟ್ ಅವರು ಇದನ್ನು ಸಭೆಗೆ ತೋರಿಸಿದರು. ಕೈ ಸಭಾಂಗಣದಲ್ಲಿ; ಕಂಪ್ಯೂಟರು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿ.

ಸೋಜಿಗವೆಂದರೆ, ಅದೇ ಸಮ್ಮೇಳನದ ಪ್ರಬಂಧಗಳಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಮಿಲ್ಲರ್ ಅವರ ಬರಹವೂ ಒಂದು. ಯಂತ್ರದ ಉತ್ತರಕ್ಕಾಗಿ ಮನುಷ್ಯ ಎಷ್ಟು ಹೊತ್ತು ಕಾಯಬಲ್ಲನೆಂಬುದೇ ಅದರ ವಿಷಯ. ಕೀಲಿಯೊತ್ತಿದವನಿಗೆ ಅದರ ಗುರುತು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ, ಎಂದರೆ 100 ಮಿಲಿಸೆಕೆಂಡಿನೊಳಗೆ, ಕಾಣಬೇಕೆಂದು ಅವರು ಲೆಕ್ಕ ಹಾಕಿದ್ದರು. ಮೌಸೂ ಅದನ್ನು ಅಳೆಯುವ ಗಡಿಯಾರವೂ ಒಂದೇ ಸಮ್ಮೇಳನದಲ್ಲಿ ಬೆಳಕು ಕಂಡವೆನ್ನಬಹುದು. ಇಂದಿನ ಆಟಗಾರನಿಗಾದರೋ 100 ಮಿಲಿಸೆಕೆಂಡು ಎಂದರೆ ಸೋಲೇ ಸರಿ.

ಅದೇ ವರ್ಷ ಜರ್ಮನಿಯಲ್ಲಿ, ರೇಡಿಯೋ ಸೆಟ್ಟುಗಳಿಂದ ಹೆಸರಾಗಿದ್ದ ಟೆಲಿಫುಂಕನ್ ಸಂಸ್ಥೆ ಚಕ್ರಗಳ ಬದಲು ಒಂದು ಚೆಂಡನ್ನಿಟ್ಟು ಇಂಥದೇ ಉಪಕರಣವನ್ನು ಮಾರಾಟಕ್ಕೆ ತಂದಿತು. 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯವರೂ ಚೆಂಡನ್ನೇ ಹಿಡಿದರು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಬಂದ ಮೇಲೆ ಚೆಂಡಿನ ಮೌಸು ಮನೆಮನೆಗೆ ಹೊಕ್ಕಿತು. ವಿಳಂಬದ ಮೊದಲ ಬಿಡಾರ ಈ ಚೆಂಡು. ಅದು ಮೇಜಿನ ಧೂಳನ್ನು ಒಳಗಿನ ಉರುಳೆಗಳಿಗೆ ಮೆತ್ತುತ್ತಿದ್ದಿತು, ಉರುಳೆ ಜಾರುತ್ತಿದ್ದಿತು, ಬಾಣ ತಡೆದು ತಡೆದು ನಡೆಯುತ್ತಿದ್ದಿತು. ಎರಡು ದಿಕ್ಕಿಗೂ ಬೇರೆ ಬೇರೆ ಉರುಳೆಗಳಾದುದರಿಂದ ಒಂದೊಂದು ಸಲ ಬಾಣ ಮೇಲಕ್ಕೆ ಸಲೀಸಾಗಿ ಹೋಗಿ, ಪಕ್ಕಕ್ಕೆ ಮಾತ್ರ ಹಟ ಹಿಡಿಯುವುದೂ ಉಂಟು. 1990ರ ದಶಕದಲ್ಲಿ ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕಲಿತವರು, ಅಡಿಯ ಬಳೆಯನ್ನು ತಿರುಗಿಸಿ ಚೆಂಡನ್ನು ಹೊರತೆಗೆದು ಉಗುರಿನಿಂದ ಆ ಕೊಳೆಯನ್ನು ಕೆರೆದುದನ್ನು ಮರೆತಿರಲಾರರು. ಬಾಣ ತಡೆದರೆ ಮೌಸನ್ನು ಬಯ್ಯುವ ಅಭ್ಯಾಸ ನಮಗೆ ಹತ್ತಿದುದು ಅಲ್ಲಿಂದ. ಆ ಕಾಲಕ್ಕೆ ಅದು ನ್ಯಾಯವೂ ಆಗಿದ್ದಿತು.

ಎರಡನೆಯ ಬಿಡಾರ ತಂತಿ. ಹಳೆಯ ಸೀರಿಯಲ್ ಮೌಸು ಸೆಕೆಂಡಿಗೆ ಸುಮಾರು 40 ಸಲ ಮಾತ್ರ ತನ್ನ ಸುದ್ದಿಯನ್ನು ಕಂಪ್ಯೂಟರಿಗೆ ತಿಳಿಸಬಲ್ಲದಾಗಿತ್ತು; ಎಂದರೆ ಎರಡು ಸುದ್ದಿಗಳ ನಡುವೆ 25 ಮಿಲಿಸೆಕೆಂಡು. ಕಾಗದಪತ್ರ ಬರೆಯುವವರಿಗೆ ಅದು ಧಾರಾಳ. ಆದರೆ 1996ರಲ್ಲಿ ಬಂದ ಕ್ವೇಕ್‌ನಂಥ ಆಟಗಳಲ್ಲಿ ಮೌಸು ಆಟಗಾರನ ಕುತ್ತಿಗೆಯೇ ಆಯಿತು: ಅದನ್ನು ಸರಿಸಿದಂತೆ ನೋಟ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹೊರಳಬೇಕು. ಕುತ್ತಿಗೆ ತಡವಾಗಿ ತಿರುಗಿದರೆ ಯಾರು ಸಹಿಸಿಯಾರು? ಅದೇ 1996ರಲ್ಲಿ ಯು.ಎಸ್.ಬಿ. ಎಂಬ ಹೊಸ ಜೋಡಣೆ ಬಂದಿತು. ಅದನ್ನು ರೂಪಿಸಿದ ಇಂಟೆಲ್ ಸಂಸ್ಥೆಯ ತಂಡದಲ್ಲಿ ವಡೋದರದಲ್ಲಿ ಓದಿದ ಅಜಯ್ ಭಟ್ ಅವರು ಪ್ರಮುಖರು. ಇದರಲ್ಲಿ ಮೌಸು ತಾನಾಗಿ ಬಾಯಿ ಬಿಡುವಂತಿಲ್ಲ. ಕಂಪ್ಯೂಟರು ಕೇಳಿದಾಗ ಮಾತ್ರ ಉತ್ತರ ಕೊಡಬೇಕು. ಸಾಮಾನ್ಯ ಮೌಸನ್ನು ಅದು ಕೇಳುವುದು ಸೆಕೆಂಡಿಗೆ 125 ಸಲ. ಆಟಕ್ಕೆಂದೇ ತಯಾರಾದ ಮೌಸುಗಳು ಮುಂದೆ ಇದನ್ನು 1000ಕ್ಕೆ ಏರಿಸಿದವು. ಆಗ ಕಾಯಬೇಕಾದುದು ಒಂದೇ ಒಂದು ಮಿಲಿಸೆಕೆಂಡು.

1999ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಹೊಸ ಮೌಸು ಚೆಂಡನ್ನೇ ಬಿಟ್ಟು, ಮೇಜಿನ ಮೈಯನ್ನು ಸೆಕೆಂಡಿಗೆ 1500 ಸಲ ಚಿತ್ರ ತೆಗೆದು ಚಲನೆಯನ್ನು ಅಳೆಯತೊಡಗಿತು. ಧೂಳಿನ ಕಾಟ ತಪ್ಪಿತು. ಗಾಜಿನ ಮೇಜು, ಕನ್ನಡಿಯಂತೆ ಹೊಳೆಯುವ ಹಲಗೆ ಇವುಗಳ ಮೇಲೆ ಈ ಬಗೆಯ ಮೌಸು ದಾರಿ ತಪ್ಪುವುದುಂಟು. ಕೆಳಗೊಂದು ಬಟ್ಟೆಯ ಹಾಸು ಇಟ್ಟರೆ ಸಾಕು.

ಮುಂದಿನ ಬಿಡಾರ ಗಾಳಿ. ರೇಡಿಯೋ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತಿಯಿಲ್ಲದ ಮೌಸುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಕಂಪನಾಂಕದ ಸುತ್ತ ಸುದ್ದಿ ಕಳುಹಿಸುವ ಪುಟ್ಟ ರೇಡಿಯೋ ನಿಲಯಗಳೇ. ಆ ಪಟ್ಟಿಯಲ್ಲಿ ವೈ-ಫೈ ಇದೆ, ಬ್ಲೂಟೂತ್ ಇದೆ, ಸಂತೆಯಲ್ಲಿ ಪಿಸುಮಾತಾಡಿದಂತೆ. ಇದರ ಜೊತೆಗೆ 2012ರಲ್ಲಿ ಇಂಟೆಲ್ ಸಂಸ್ಥೆಯ ಇಂಜಿನಿಯರುಗಳು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು: ಯು.ಎಸ್.ಬಿ. 3.0 ಎಂಬ ವೇಗದ ಜೋಡಣೆ, ಅದರ ತಂತಿ, ಅದಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕು ಇವು ಕೆಲಸ ಮಾಡುವಾಗ ಇದೇ ಕಂಪನಾಂಕದಲ್ಲಿ ಗದ್ದಲವನ್ನು ಚೆಲ್ಲುತ್ತವೆ. ಮೌಸಿನ ಗ್ರಾಹಕ ತುಣುಕನ್ನು ಪೆಟ್ಟಿಗೆಯ ಬೆನ್ನಿಗೆ, ಅಂಥ ಡಿಸ್ಕಿನ ಪಕ್ಕದಲ್ಲೇ ಸಿಕ್ಕಿಸಿದರೆ, ಹೊಸ ಮೌಸೂ ಕುಂಟುತ್ತದೆ. ಬೀದಿಯಲ್ಲಿ ಮೋಟಾರು ಹೋದಾಗ ಹಳೆಯ ರೇಡಿಯೋ ಗರಗರ ಎನ್ನುತ್ತಿದ್ದುದಕ್ಕೂ ಇದಕ್ಕೂ ಜಾತಿ ಒಂದೇ. ಮದ್ದೂ ಹಳೆಯದೇ: ಏರಿಯಲ್ಲನ್ನು ಗದ್ದಲದಿಂದ ದೂರ ತರುವುದು. ಗಜದುದ್ದದ ಎಕ್ಸ್‌ಟೆನ್ಷನ್ ವೈರು ಹಾಕಿ ಆ ತುಣುಕನ್ನು ಮೇಜಿನ ಮೇಲೆ, ಮೌಸಿನ ಹತ್ತಿರ ಇಟ್ಟರೆ ಎಷ್ಟೋ ಮನೆಗಳ ದೂರು ಅಲ್ಲಿಗೇ ನಿಲ್ಲುತ್ತದೆ.

ಆದರೂ ಈಚಿನ ವರ್ಷಗಳಲ್ಲಿ ವಿಳಂಬ ಭದ್ರವಾಗಿ ತಳವೂರಿರುವುದು ತೆರೆಯ ಕಡೆ. ಹಳೆಯ ಗಾಜಿನ ಕೊಳವೆಯ ತೆರೆ, ಸಂಕೇತ ಬಂದಂತೆ ಬಂದಂತೆ ಚಿತ್ರ ಬಿಡಿಸುತ್ತಿದ್ದಿತು. ಅದಕ್ಕೆ ಯೋಚಿಸುವ ಬುದ್ಧಿಯೇ ಇರಲಿಲ್ಲ. ಇಂದಿನ ಚಪ್ಪಟೆ ಟೆಲಿವಿಷನ್ನು ಬುದ್ಧಿವಂತ. ಬಂದ ಚಿತ್ರವನ್ನು ಹಿಡಿದಿಟ್ಟು, ನುಣುಪು ಮಾಡಿ, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತದೆ. ಸಿನೆಮಾಕ್ಕೆ ಇದು ಒಪ್ಪುತ್ತದೆ, ಆಟಕ್ಕೆ ಒಪ್ಪದು. ಕ್ವೇಕ್ ಆಟವನ್ನು ರಚಿಸಿದವರಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ಅವರು 2012ರಲ್ಲಿ ಅಳೆದು ನೋಡಿ, ಅಮೆರಿಕದಿಂದ ಯೂರೋಪಿಗೆ ಅಂತರಜಾಲದಲ್ಲಿ ಸುದ್ದಿ ಕಳುಹಿಸುವುದು, ಎದುರಿಗಿರುವ ತೆರೆಗೆ ಒಂದು ಚುಕ್ಕೆ ಕಳುಹಿಸುವುದಕ್ಕಿಂತ ಬೇಗ ಆಗುತ್ತದೆಂದು ಹೇಳಿದುದು ದೊಡ್ಡ ಚರ್ಚೆಯಾಯಿತು. ಎಲ್ಲ ತೆರೆಗಳಿಗೂ ಈ ಮಾತು ಸಲ್ಲದು. ಆದರೆ ಸಾಗರ ದಾಟುವುದಕ್ಕಿಂತ ಮೇಜು ದಾಟುವುದು ತಡವಾಗಬಹುದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಅನೇಕ ಟೆಲಿವಿಷನ್ನುಗಳಲ್ಲಿ 'ಗೇಮ್ ಮೋಡ್' ಎಂಬುದೊಂದು ಇರುತ್ತದೆ. ಅದನ್ನು ಹಾಕಿದರೆ ಈ ಅಲಂಕಾರದ ಬಹುಭಾಗ ನಿಲ್ಲುತ್ತದೆ.

ಆಟದೊಳಗೂ ಸರತಿಯ ಸಾಲುಂಟು. ಸೆಕೆಂಡಿಗೆ 60 ಚಿತ್ರ ತೋರಿಸುವ ತೆರೆಯಲ್ಲಿ ಒಂದೊಂದು ಚಿತ್ರಕ್ಕೂ ಸುಮಾರು 16.7 ಮಿಲಿಸೆಕೆಂಡು. ಚಿತ್ರ ಹರಿದಂತೆ ಕಾಣದಿರಲೆಂದು 'ವಿ-ಸಿಂಕ್' ಹಾಕಿದರೆ, ತಯಾರಾದ ಚಿತ್ರಗಳು ಒಂದರ ಹಿಂದೊಂದು ಕಾಯುತ್ತ ನಿಲ್ಲುತ್ತವೆ. ಮೂರು ಚಿತ್ರ ಕಾದರೆ 50 ಮಿಲಿಸೆಕೆಂಡು ಹೋಯಿತು. 144 ಚಿತ್ರಗಳ ತೆರೆಯನ್ನು ಕೊಂಡು ತಂದು, ಸೆಟ್ಟಿಂಗಿನಲ್ಲಿ ಅದು 60ರಲ್ಲೇ ನಿಂತಿರುವುದನ್ನು ಗಮನಿಸದವರೂ ಇದ್ದಾರೆ.

ಹಾಗಾದರೆ ನಮ್ಮ ಮನೆಯಲ್ಲಿ ತಡ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಆಟವನ್ನು ಮುಚ್ಚಿ ಬರಿಯ ಬಾಣವನ್ನು ಸುತ್ತಾಡಿಸಿ. ಅದು ಕೈಯೊಡನೆ ಸರಾಗವಾಗಿ ಓಡಿ, ಆಟದಲ್ಲಿ ಮಾತ್ರ ಎಳೆದಾಡಿದರೆ ಮೌಸು ನಿರಪರಾಧಿ. ಎಲ್ಲೆಡೆ ಸಮನಾಗಿ ಭಾರವೆನಿಸಿದರೆ ತೆರೆಯನ್ನು ಬದಲಾಯಿಸಿ ನೋಡಿ. ತಡೆತಡೆದು ನೆಗೆದರೆ ಗಾಳಿಯನ್ನೋ ಮೇಜನ್ನೋ ಸಂಶಯಿಸಿ. ನೆರೆಮನೆಯಿಂದ ತಂತಿಯ ಮೌಸೊಂದನ್ನು ಒಂದು ಗಂಟೆಯ ಮಟ್ಟಿಗೆ ಎರವಲು ತಂದರೆ ವ್ಯಾಜ್ಯ ತೀರುತ್ತದೆ. ಕೈ ಬೇಗ ಓಡಿಸಿದಾಗ ಬಾಣ ಲೆಕ್ಕ ಮೀರಿ ಹಾರುವುದು ವಿಳಂಬವೇ ಅಲ್ಲ. ಅದು 2001ರ ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ ಇರುವ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬ ಏರ್ಪಾಡು. ಅದರ ಗುರುತನ್ನು ತೆಗೆದರಾಯಿತು.

2021ರಿಂದೀಚೆಗೆ ಸೆಕೆಂಡಿಗೆ 8000 ಸಲ ಸುದ್ದಿ ಹೇಳುವ ಮೌಸುಗಳೂ ಪೇಟೆಗೆ ಬಂದಿವೆ. ಅಷ್ಟು ಸುದ್ದಿಯನ್ನು ಕೇಳಿಸಿಕೊಳ್ಳುವುದೇ ಕಂಪ್ಯೂಟರಿಗೆ ಹೊರೆಯಾಗಿ ಕೆಲವು ಆಟಗಳು ಮುಗ್ಗರಿಸಿದವು. ಮೈಕ್ರೋಸಾಫ್ಟ್ ಸಂಸ್ಥೆ 2023ರಲ್ಲಿ ವಿಂಡೋಸ್ 11ಕ್ಕೆ ಇದಕ್ಕಾಗಿಯೇ ತಿದ್ದುಪಡಿ ಮಾಡಬೇಕಾಯಿತು. ದುಬಾರಿ ಮೌಸು ಕೊಡಿಸಿದ ಮೇಲೂ ಮಗ ಅದೇ ದೂರು ಹೇಳಿದರೆ, ಆ ಅಂಕಿಯನ್ನು 1000ಕ್ಕೆ ಇಳಿಸಲು ಹೇಳಿ.