ವಿದ್ಯುತ್ ಅಡಗಿದ್ದು ಗಾಜಿನಲ್ಲೋ, ಲೋಹದಲ್ಲೋ?

ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಆ ಹೊಡೆತವನ್ನು ಇನ್ನೊಮ್ಮೆ ತಿನ್ನಲಾರೆ ಎಂದು ಹಾಲೆಂಡಿನ ಲೈಡನ್ ನಗರದ ಪ್ರಾಧ್ಯಾಪಕ ಮುಶೆನ್‌ಬ್ರೂಕ್ 1746ರ ಜನವರಿಯಲ್ಲಿ ಪ್ಯಾರಿಸ್ಸಿಗೆ ಕಾಗದ ಬರೆದ. ಆತ ಮಾಡಿದ್ದಿಷ್ಟೆ: ನೀರು ತುಂಬಿದ ಗಾಜಿನ ಪಾತ್ರೆಗೆ ವಿದ್ಯುತ್ ಊಡಿ, ಅದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಒಳಗಿನ ವಿದ್ಯುತ್ತಿಗೆ ದಾರಿ ಕೊಟ್ಟಿದ್ದ. ಹಿಂದಿನ ವರ್ಷವೇ ಕ್ಲೈಸ್ಟ್ ಎಂಬ ಜರ್ಮನ್ ಪಾದ್ರಿಗೂ ಇದೇ ಅನುಭವವಾಗಿತ್ತು. ಹೆಸರು ಮಾತ್ರ ‘ಲೈಡನ್ ಜಾಡಿ’ ಎಂದೇ ಉಳಿಯಿತು.

ಇಷ್ಟೊಂದು ವಿದ್ಯುತ್ ಜಾಡಿಯಲ್ಲಿ ಎಲ್ಲಿ ಕುಳಿತಿತ್ತು? ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ನೇರವಾಗಿಯೇ ಪರೀಕ್ಷಿಸಿದ. ಜಾಡಿಯ ನೀರನ್ನು ಬೇರೊಂದಕ್ಕೆ ಸುರಿದರೆ ಅದರಲ್ಲಿ ಹೊಡೆತವಿಲ್ಲ. ಖಾಲಿ ಜಾಡಿಗೆ ಹೊಸ ನೀರು ತುಂಬಿದರೆ ಹೊಡೆತ ಹಾಗೇ ಇದೆ! ಬಳಿಕ ಕಿಟಕಿಯ ಗಾಜಿನ ಇಬ್ಬದಿಗೂ ಸೀಸದ ತಗಡು ಇಟ್ಟು ನೋಡಿದ. ತಗಡುಗಳನ್ನು ತೆಗೆದು ಮತ್ತೆ ಇಟ್ಟರೂ ವಿದ್ಯುತ್ ಹೋಗಿರಲಿಲ್ಲ. ಅಂದ ಮೇಲೆ ಅದು ಗಾಜಿನಲ್ಲೇ ಇದೆ ಎಂದು ತೀರ್ಮಾನಿಸಿದ. ಒಂದು ಬದಿಗೆ ಎಷ್ಟು ಸೇರುತ್ತದೋ ಇನ್ನೊಂದು ಬದಿಯಿಂದ ಅಷ್ಟೇ ಹೋಗುತ್ತದೆ ಎಂದೂ ಹೇಳಿದ. ಈ ಎರಡನೆಯ ಮಾತು ಇಂದಿಗೂ ನಿಂತಿದೆ. ಮೊದಲನೆಯದು ನಿಲ್ಲಲಿಲ್ಲ.

ಅದನ್ನು ಅಲುಗಾಡಿಸಿದವರು ಬರ್ಲಿನ್ನಿನಲ್ಲಿದ್ದ ಈಪಿನಸ್ ಮತ್ತು ವಿಲ್ಕೆ. 1750ರ ದಶಕದಲ್ಲಿ ಅವರು ಲೋಹ ಹೊದಿಸಿದ ದೊಡ್ಡ ಹಲಗೆಗಳೆರಡನ್ನು ಎದುರುಬದುರಾಗಿಟ್ಟರು. ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲ. ಆದರೂ ಹೊಡೆತ ಬಿತ್ತು. ಗಾಜು ಅನಿವಾರ್ಯವಲ್ಲ ಎಂದಾಯಿತು.

ಈಗ ತಿಳಿದಿರುವಂತೆ, ಒಂದು ಫಲಕದ ಧನ ಆವೇಶವೂ ಇನ್ನೊಂದರ ಋಣ ಆವೇಶವೂ ಪರಸ್ಪರ ಸೆಳೆದು, ಎದುರುಬದುರಾದ ಒಳಮೈಗಳಲ್ಲೇ ಜಮಾಯಿಸುತ್ತವೆ. ಬೆನ್ನಿನ ಕಡೆ ಹೆಚ್ಚುಕಡಿಮೆ ಬರಿದು. ಬೇಸಗೆಯಲ್ಲಿ ಫ್ಯಾನು ನಿಧಾನವಾದಾಗ ‘ಕಂಡೆನ್ಸರ್ ಹೋಗಿದೆ’ ಎಂದು ಬದಲಿಸುವ ಡಬ್ಬಿಯೊಳಗೂ ಇದೇ ತತ್ವ. ಫಲಕದ ಬದಲು ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ಕಿನ ಸುರುಳಿ, ಅಷ್ಟೆ. ಪಠ್ಯಪುಸ್ತಕದ ಚಿತ್ರದಲ್ಲಿ ಆವೇಶ ಸಮನಾಗಿ ಹರಡಿರುತ್ತದೆ. ವಾಸ್ತವದಲ್ಲಿ ಅಂಚುಗಳಲ್ಲಿ ಅದು ಒತ್ತಾಗುತ್ತದೆ. ಅಳತೆಗೆ ಇದು ತೊಡಕು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ 19ನೇ ಶತಮಾನದಲ್ಲಿ, ಫಲಕದ ಸುತ್ತ ಅದೇ ವೋಲ್ಟೇಜಿನ ಲೋಹದ ಬಳೆಯನ್ನಿಟ್ಟು ಈ ತೊಡಕನ್ನು ಬಳೆಯ ಅಂಚಿಗೆ ದಾಟಿಸಿದ.

ಹಾಗಾದರೆ ಫ್ರಾಂಕ್ಲಿನ್ ಕಣ್ಣಾರೆ ಕಂಡದ್ದು ಸುಳ್ಳೆ? ಅಲ್ಲ. ಬಿಡಿಭಾಗಗಳಾಗಿ ಕಳಚಬಲ್ಲ ಜಾಡಿಯ ಪ್ರಯೋಗ ತರಗತಿಗಳಲ್ಲಿ ತಲೆಮಾರುಗಟ್ಟಲೆ ನಡೆಯಿತು. ಪ್ರತಿ ಸಲವೂ ಆತನೇ ಸರಿ ಎಂಬಂತೆ ಕಂಡಿತು. 1922ರಲ್ಲಿ ಆಡನ್‌ಬ್ರೂಕ್ ಎಂಬಾತ ಗಾಜಿನ ಬದಲು ಪ್ಯಾರಫಿನ್ ಮೇಣವನ್ನಿಟ್ಟು ನೋಡಿದ. ಕಳಚಿದಾಗ ಆವೇಶ ಲೋಹದಲ್ಲೇ ಉಳಿದಿತ್ತು. ಗಾಜಿನ ಮೈಮೇಲೆ ತೇವದ ತೆಳುಪದರ ಕೂರುತ್ತದೆ. ಲೋಹವನ್ನು ಕಳಚುವಾಗ ಆವೇಶ ಆ ಪದರಕ್ಕೆ ಜಾರುತ್ತಿತ್ತು.