ನಿಶ್ಚಿತಾರ್ಥಕ್ಕೂ ಧಾರೆಗೂ ನಡುವೆ

ಸೇನೆಗೆ ಭರ್ತಿಯಾದ ತರುಣನೊಬ್ಬ ಮೂಲ ತರಬೇತಿಯ ನಡುವೆಯೇ ‘ಇದು ನನ್ನಿಂದಾಗದು, ಊರಿಗೆ ಹೋಗುತ್ತೇನೆ’ ಎಂದರೆ ಅವನನ್ನು ಬಿಡಬೇಕೆ, ಹಿಡಿದಿಟ್ಟುಕೊಳ್ಳಬೇಕೆ? ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬದುಕು ಕಟ್ಟಿಕೊಂಡಿರುವ ನಮಗೆ ಈ ಪ್ರಶ್ನೆ ದೂರದ್ದೆನಿಸಬಹುದು. ಆದರೆ ನಾವು ನಿತ್ಯ ಲೋಕಲ್ ಗಾಡಿಯಲ್ಲಿ ಹಾದುಹೋಗುವ ಈ ನೆಲ ಒಂದು ಕಾಲಕ್ಕೆ ಸಿಪಾಯಿಗಳ ನೆಲವಾಗಿತ್ತು. ಇಂದಿನ ಉಲ್ಲಾಸನಗರ ಎರಡನೆಯ ಮಹಾಯುದ್ಧದ ಕಾಲದಲ್ಲಿ ‘ಕಲ್ಯಾಣ ಕ್ಯಾಂಪ್’ ಎಂಬ ಸೇನಾ ಶಿಬಿರ. ದೇಶ ವಿಭಜನೆಯ ನಂತರ ಅದರ ಬರಾಕುಗಳಲ್ಲಿ ಸಿಂಧಿ ನಿರಾಶ್ರಿತರು ನೆಲೆ ಕಂಡರು. 1949ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಥಾಣೆಯ ಸಮೀಪದಲ್ಲಿ ರಾಯಲ್ ಇಂಡಿಯನ್ ನೇವಿಯ ‘ಅಕ್ಬರ್’ ಎಂಬ ನೆಲೆಯಿತ್ತು.

1939ರಲ್ಲಿ ಆ ನೌಕಾಪಡೆಯಲ್ಲಿದ್ದವರು ಎರಡು ಸಾವಿರಕ್ಕೂ ಕಡಿಮೆ. ಯುದ್ಧ ಮುಗಿಯುವ ವೇಳೆಗೆ ಆ ಸಂಖ್ಯೆ ಮೂವತ್ತು ಸಾವಿರದ ಸಮೀಪಕ್ಕೆ ಬೆಳೆದಿತ್ತು. ಇಷ್ಟು ಜನರನ್ನು ಇಷ್ಟು ಬೇಗ ಸೇರಿಸಬೇಕಾದಾಗ ಭರ್ತಿ ಮಾಡುವವರ ಮಾತು ಸಿಹಿಯಾಗುವುದು ಸಹಜ. ಒಳ್ಳೆಯ ಸಂಬಳ, ಒಳ್ಳೆಯ ಊಟ, ಯುದ್ಧಾನಂತರ ಭದ್ರವಾದ ಬದುಕು ಎಂಬ ಆಸೆ ಹೊತ್ತು ಓದು ಬಲ್ಲ ಹುಡುಗರು ಬಂದರು. ಬಂದಮೇಲೆ ಕಂಡದ್ದು ಕೆಟ್ಟ ಊಟ, ಬಿಳಿಯ ಅಧಿಕಾರಿಗಳ ಬೈಗುಳ, ವೇತನದಲ್ಲಿ ತಾರತಮ್ಯ. ಮರಳಿ ಹೋಗಲು ದಾರಿಯಿರಲಿಲ್ಲ. 1946ರ ಫೆಬ್ರವರಿ 18ರಂದು ಕೊಲಾಬಾದ ಸಿಗ್ನಲ್ ತರಬೇತಿ ಶಾಲೆ ‘ತಲ್ವಾರ್’ನಲ್ಲಿ ಬಂಡಾಯವೆದ್ದಿತು. ಅದು ಎಪ್ಪತ್ತಕ್ಕೂ ಹೆಚ್ಚು ಹಡಗುಗಳಿಗೂ ದಡದ ನೆಲೆಗಳಿಗೂ ಹಬ್ಬಿತು; ಥಾಣೆಯ ಅಕ್ಬರ್ ಕೂಡ ಅದರಲ್ಲಿ ಸೇರಿತು. ವಲ್ಲಭಭಾಯಿ ಪಟೇಲರ ಸಲಹೆಯ ಮೇರೆಗೆ 23ರಂದು ನಾವಿಕರು ಶರಣಾದರು.

ಆ ಬಂಡಾಯ ತರಬೇತಿ ಬಿಡುವ ಹಕ್ಕಿಗಾಗಿ ನಡೆದದ್ದಲ್ಲ. ಆಜಾದ್ ಹಿಂದ್ ಫೌಜಿನ ಸೆರೆಯಾಳುಗಳ ಬಿಡುಗಡೆ, ಇಂಡೋನೇಷ್ಯಾದಿಂದ ಭಾರತೀಯ ಸೇನೆಯ ವಾಪಸಾತಿಯಂಥ ರಾಜಕೀಯ ಬೇಡಿಕೆಗಳೂ ಅದರಲ್ಲಿದ್ದವು. ಆದರೆ ಸೈನ್ಯದಿಂದ ಶೀಘ್ರ ಬಿಡುಗಡೆ ಎಂಬ ಬೇಡಿಕೆಯೂ ಆ ಪಟ್ಟಿಯಲ್ಲಿತ್ತು; ಭರ್ತಿಯ ಕಾಲದ ಸುಳ್ಳು ಭರವಸೆಗಳ ಕಹಿ ಅದರ ಬೇರಿನಲ್ಲಿತ್ತು. ಬಿಡಿಬಿಡಿಯಾಗಿ ಹೊರಹೋಗಲಾಗದವರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಕೊನೆಗೆ ನೂರಾರು ನಾವಿಕರನ್ನು ಸೇವೆಯಿಂದ ವಜಾ ಮಾಡಿ ಊರಿಗೆ ಅಟ್ಟಲಾಯಿತು. ಬಾಗಿಲು ತೆರೆಯಿತು, ಆದರೆ ಅವಮಾನದ ಮುದ್ರೆ ಒತ್ತಿ.

ಸ್ವತಂತ್ರ ಭಾರತದ 1950ರ ಸೇನಾ ಕಾಯ್ದೆ ಈ ವಿಷಯದಲ್ಲಿ ಏನನ್ನುತ್ತದೆ? ಅದರ 15ನೆಯ ಕಲಮಿನ ಪ್ರಕಾರ, ಮೂರು ತಿಂಗಳು ವೇತನ ಪಡೆದು ದಳದ ಪಟ್ಟಿಯಲ್ಲಿದ್ದವನು ವಿಧಿವತ್ತಾಗಿ ಭರ್ತಿಯಾದವನೇ. ಆಮೇಲೆ ಭರ್ತಿಯಲ್ಲಿ ಲೋಪವಿತ್ತೆಂದಾಗಲಿ ಬೇರಾವ ಕಾರಣದಿಂದಾಗಲಿ ಬಿಡುಗಡೆಯನ್ನು ಹಕ್ಕಾಗಿ ಕೇಳುವಂತಿಲ್ಲ. ಮೂರು ತಿಂಗಳೊಳಗೆ ಬಿಡುಗಡೆ ಕೋರುವವನೊಬ್ಬ ಇರಬಹುದೆಂಬುದನ್ನು ಅದೇ ಕಲಮು ಒಪ್ಪುತ್ತದೆ. 17ನೆಯ ಕಲಮು ಇನ್ನೂ ಅರ್ಥಪೂರ್ಣ. ಸೈನಿಕನ ಪ್ರಮಾಣವಚನ ನಡೆಯುವುದು ಭರ್ತಿಯ ದಿನವಲ್ಲ. ಅವನು ಕರ್ತವ್ಯಕ್ಕೆ ಯೋಗ್ಯನೆಂದು ವರದಿಯಾದ ಮೇಲೆ, ಇಲ್ಲವೇ ಪರೀಕ್ಷಾವಧಿ ಮುಗಿದ ಮೇಲೆ. ಅಂದರೆ ಕಾನೂನೇ ಭರ್ತಿಯನ್ನೂ ಪ್ರಮಾಣವನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ತರಬೇತಿಯೆಂಬುದು ನಿಶ್ಚಿತಾರ್ಥಕ್ಕೂ ಧಾರೆಗೂ ನಡುವಣ ಕಾಲ. ಆ ಕಾಲದಲ್ಲಿ ಸೇನೆ ಹುಡುಗನನ್ನು ಪರೀಕ್ಷಿಸುತ್ತದೆ, ಒಲ್ಲದಿದ್ದರೆ ಮನೆಗೆ ಕಳುಹಿಸುತ್ತದೆ. ಹುಡುಗನಿಗೂ ಸೇನೆಯನ್ನು ಪರೀಕ್ಷಿಸುವ ಅವಕಾಶ ಬೇಡವೆ?

2022ರ ಜೂನ್ 14ರಂದು ಘೋಷಿತವಾದ ಅಗ್ನಿಪಥ ಯೋಜನೆಯಲ್ಲಿ ಈ ಪ್ರಶ್ನೆಗೆ ಹೊಸ ಮೊನೆ ಬಂದಿದೆ. ಹದಿನೇಳೂವರೆ ವರ್ಷದವನೂ ಸೇರಬಹುದು. 18 ತುಂಬದವನ ಅರ್ಜಿಗೆ ತಂದೆತಾಯಿಯರ ಸಹಿ ಬೇಕು. ಸೇವೆ ನಾಲ್ಕು ವರ್ಷ. ಮುಂದೆ ಉಳಿಯುವವರು ಹೆಚ್ಚೆಂದರೆ ಶೇಕಡಾ 25. ಅವಧಿಗೆ ಮೊದಲು ಸ್ವಂತ ಕೋರಿಕೆಯ ಮೇಲೆ ಹೊರಬರಲು ಅನುಮತಿಯಿಲ್ಲ. ತೀರಾ ಅಪರೂಪದ ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಹಾಗೆ ಬಂದರೂ ಸೇವಾನಿಧಿಯಲ್ಲಿ ತನ್ನ ಪಾಲಷ್ಟೇ ಕೈಗೆ ಸಿಗುತ್ತದೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಕ್ಕೋ ಸಾಂಬ್ರಾದ ವಾಯುಪಡೆಯ ತರಬೇತಿ ಶಾಲೆಗೋ ಹೋಗುವ ಹುಡುಗರಲ್ಲಿ ನಮ್ಮ ಎರಡೂ ರಾಜ್ಯಗಳ ಮಕ್ಕಳಿದ್ದಾರೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಪ್ರೊಬೇಷನ್ ಅವಧಿಯಲ್ಲಿ ರಾಜೀನಾಮೆ ಕೊಡುವುದು ಒಂದು ಕಾಗದದ ಕೆಲಸ. ಹದಿನೆಂಟರ ಹುಡುಗನಿಗೆ ಅದು ಬದುಕಿನ ಬಿಕ್ಕಟ್ಟು.

ಎದುರು ವಾದ ಹಗುರವಾದದ್ದಲ್ಲ. ತರಬೇತಿಗೆ ಹಣ ತಗಲುತ್ತದೆ. ಒಬ್ಬ ಬಿಟ್ಟ ಜಾಗ ತುಂಬುವುದರೊಳಗೆ ಕಾಲ ಕಳೆಯುತ್ತದೆ. ಮೂರನೆಯ ವಾರದ ಮೈನೋವಿಗೆ, ಮನೆಯ ನೆನಪಿಗೆ ಸೋತು ಹೊರಟವನು ಆರನೆಯ ತಿಂಗಳಲ್ಲಿ ಪಶ್ಚಾತ್ತಾಪ ಪಡಬಹುದು. ಯುದ್ಧಭೂಮಿಯಿಂದ ಯಾರಿಗೂ ರಾಜೀನಾಮೆಯಿಲ್ಲ ಎಂಬುದೂ ಸರಿಯೇ. ಆದರೆ ಈ ಮಾತುಗಳು ಬೇಡುವುದು ಮುಚ್ಚಿದ ಬಾಗಿಲನ್ನಲ್ಲ, ಗೊತ್ತಾದ ದಿನ ತೆರೆದು ಗೊತ್ತಾದ ದಿನ ಮುಚ್ಚುವ ಬಾಗಿಲನ್ನು. ನಮ್ಮನ್ನಾಳಿದ ಬ್ರಿಟನ್ನೇ ಇಂದು ತನ್ನ ಸೇನೆಯ ಅಪ್ರಾಪ್ತ ವಯಸ್ಕರಿಗೆ 18 ತುಂಬುವವರೆಗೂ ಹೊರಹೋಗುವ ಹಕ್ಕು ಕೊಟ್ಟಿದೆ. ಇದರಿಂದ ಅಲ್ಲಿನ ಸೇನೆ ಕುಸಿದುಬಿದ್ದಿಲ್ಲ.

ಹಣ ಕಟ್ಟಿ ಬಿಡುಗಡೆ ಪಡೆಯುವ ದಾರಿಯೂ ನ್ಯಾಯವಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್ ತರಬೇತಿಯ ನಂತರ ಕಮಿಷನ್ ಒಲ್ಲೆನೆಂದರೆ ವೆಚ್ಚ ಭರಿಸುವ ಹೊಣೆ ಪಾಲಕರ ಮೇಲೆ ಬೀಳುತ್ತದೆ. ಒಕ್ಕಲು ಮನೆಯ ಸಿಪಾಯಿಗೆ ಅದೇ ಅಳತೆ ಹಿಡಿದರೆ ಉಳ್ಳವನಿಗಷ್ಟೇ ಬಾಗಿಲು ಉಳಿಯುತ್ತದೆ. ಮೊದಲ ತಿಂಗಳ ನಂತರ, ಪ್ರಮಾಣಕ್ಕೆ ಮುನ್ನ ಒಂದು ಅವಧಿ ಇರಲಿ. ಕೋರಿಕೆ ಸಲ್ಲಿಸಿದ ಮೇಲೆ ಒಂದು ವಾರ ಯೋಚಿಸಲು ಸಮಯ ಕೊಟ್ಟು, ಹಿರಿಯ ಅಧಿಕಾರಿ ಅವನೊಡನೆ ಮಾತಾಡಲಿ. ಆಗಲೂ ಮನಸ್ಸು ಬದಲಾಗದಿದ್ದರೆ ಕಳಂಕವಿಲ್ಲದ ಕಾಗದ ಕೊಟ್ಟು ಕಳುಹಿಸಲಿ. ಈ ಸಂಗತಿಯನ್ನು ಭರ್ತಿಯ ದಿನವೇ, ಹುಡುಗನಿಗೂ ಸಹಿ ಹಾಕುವ ತಾಯಿಗೂ ಅವರವರ ಭಾಷೆಯಲ್ಲಿ ಓದಿ ಹೇಳಲಿ. ಹೋಗಬಹುದಾಗಿದ್ದೂ ಉಳಿದವನು ಮಾಡುವ ಪ್ರಮಾಣಕ್ಕೆ ತೂಕ ಹೆಚ್ಚು. ಸೇನೆಗೆ ಬೇಕಾದವನೂ ಅವನೇ ಎಂದು ನಾವು ನಂಬಿದ್ದೇವೆ.