ಹೊಗೆಮನೆಗಿಂತ ಮುಂಚೆ ಅಡುಗೆಮನೆ

ಮನೇಲೇ ಮೀನಿಗೆ ಹೊಗೆಯ ರುಚಿ ಬರಿಸೋದು ಹೇಗೆ ಅಂತ ಬೆಂಗಳೂರಿನ ಗೆಳೆಯರು ಆಗಾಗ ಕೇಳ್ತಾರೆ. ಫ್ಲ್ಯಾಟಿನಲ್ಲಿ ಹೊಗೆಮನೆ ಕಟ್ಟೋಕಾಗಲ್ಲ, ಬಾಲ್ಕನಿಯಲ್ಲಿ ಸೌದೆ ಹಚ್ಚಿದರೆ ಅಸೋಸಿಯೇಷನ್ನಿನವರು ಬಾಗಿಲು ತಟ್ತಾರೆ. ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಇದೆ. ಹೊಗೆ ಹಾಕಿದ ಮೀನು ಅಂದ್ರೆ ಅದಕ್ಕೇ ಅಂತ ಕಟ್ಟಿದ ಹೊಗೆಮನೆಯಲ್ಲಿ ಆಗುವಂಥದ್ದು, ಮನೆಯಲ್ಲಿ ಮಾಡೋದು ಅದರ ನಕಲು ಅಂತ. ಇತಿಹಾಸ ನೋಡಿದರೆ ವಿಷಯ ಉಲ್ಟಾ ಇದೆ. ಹೊಗೆಮನೆಯೇ ಆಮೇಲೆ ಬಂದದ್ದು. ಅದಕ್ಕಿಂತ ಮುಂಚೆ ಈ ಕೆಲಸ ನಡೀತಿದ್ದದ್ದು ಅಡುಗೆ ಒಲೆಯ ಮೇಲೆ.

ಹೊಗೆ ಮೀನು ಅಂದ ಕೂಡಲೇ ಎಲ್ಲರೂ ನೆನೆಯೋ ಸ್ಕಾಟ್ಲೆಂಡನ್ನೇ ಮೊದಲು ತಗೊಳ್ಳಿ. ಅಬರ್ಡೀನ್ ಪೇಟೆಯ ದಕ್ಷಿಣಕ್ಕೆ ಫಿಂಡನ್ ಅನ್ನೋ ಪುಟ್ಟ ಮೀನುಗಾರರ ಊರಿದೆ. 'ಫಿನ್ನನ್ ಹ್ಯಾಡಿ' ಅನ್ನೋ ಹೆಸರುವಾಸಿ ಹೊಗೆ ಮೀನು ಆ ಊರಿನದು. ಗಂಡಸರು ಹಿಡಿದು ತಂದ ಹ್ಯಾಡಕ್ ಮೀನನ್ನು ಹೆಂಗಸರು ಸೀಳಿ, ಸ್ವಲ್ಪ ಉಪ್ಪು ಸವರಿ, ತಮ್ಮ ಗುಡಿಸಲಿನ ಒಲೆಯ ಹೊಗೆಯಲ್ಲೇ ನೇತುಹಾಕ್ತಿದ್ರು. ಒಲೆಗೆ ಹಾಕ್ತಿದ್ದದ್ದು ಪೀಟ್, ಅಂದ್ರೆ ಜೌಗು ನೆಲದಿಂದ ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿದ, ಅರ್ಧ ಮಣ್ಣಾದ ಗಿಡಗಂಟಿ. ಆ ಮೀನನ್ನು ಬುಟ್ಟಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಅಬರ್ಡೀನಿಗೆ ನಡೆದು ಹೋಗಿ ಮಾರ್ತಿದ್ದವರೂ ಅವರೇ. ರೈಲು ಬಂದ ಮೇಲೆ ದೂರದ ಊರುಗಳಿಂದಲೂ ಬೇಡಿಕೆ ಬಂತು, ಗುಡಿಸಲಿನ ಕೆಲಸ ಮರದ ಹೊಟ್ಟು ಉರಿಸೋ ದೊಡ್ಡ ಹೊಗೆಮನೆಗಳಿಗೆ ಹೋಯ್ತು. 1939ರ ಹೊತ್ತಿಗೆ ಅಬರ್ಡೀನಿನ ಟೋರಿ ಸಂಶೋಧನಾ ಕೇಂದ್ರದವರು ಫ್ಯಾನ್ ಇಟ್ಟು, ಶಾಖ ಮತ್ತು ತೇವವನ್ನು ಅಳತೆಯಲ್ಲಿಡೋ ಯಂತ್ರದ ಗೂಡನ್ನೇ ಮಾಡಿದರು.

ಅಲ್ಲೇ ಇನ್ನಷ್ಟು ದಕ್ಷಿಣಕ್ಕೆ ಆರ್ಬ್ರೋತ್ ಇದೆ. ಅಲ್ಲಿಯ 'ಸ್ಮೋಕಿ'ಗೂ ಕಟ್ಟಡ ಬೇಕಿರಲಿಲ್ಲ. ಅರ್ಧ ಪೀಪಾಯಿಯನ್ನು ನೆಲದಲ್ಲಿ ಹೂತು, ಒಳಗೆ ಗಟ್ಟಿ ಮರದ ಬೆಂಕಿ ಮಾಡಿ, ಬಾಲಕ್ಕೆ ಬಾಲ ಕಟ್ಟಿದ ಜೋಡಿ ಮೀನುಗಳನ್ನು ಕೋಲಿಗೆ ತೂಗುಹಾಕಿ, ಮೇಲೆ ಒದ್ದೆ ಗೋಣಿತಾಟು ಮುಚ್ಚಿದರೆ ಆಯ್ತು. 2004ರಲ್ಲಿ ಐರೋಪ್ಯ ಒಕ್ಕೂಟ ಈ ಹೆಸರಿಗೆ ಭೌಗೋಳಿಕ ರಕ್ಷಣೆ ಕೊಟ್ಟಿತು, ನಮ್ಮ ಮೈಸೂರು ರೇಷ್ಮೆಗೆ ಜಿಐ ಸಿಕ್ಕಿದ ಹಾಗೆ. ಗೋಣಿತಾಟಿನ ತಂತ್ರಜ್ಞಾನಕ್ಕೆ ಸಿಕ್ಕ ಮರ್ಯಾದೆ ಅಂತ ನಾನಂದುಕೊಳ್ತೀನಿ.

ಇನ್ನು ನಮ್ಮ ಕಡೆಯ ಸಮುದ್ರಕ್ಕೆ ಬರೋಣ. ಮೊರಾಕೋದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರ, ಮಂಗಳೂರುಗಳನ್ನು ನೋಡಿಕೊಂಡು, 1343ರಲ್ಲಿ ಮಾಲ್ಡೀವ್ಸ್ ತಲುಪಿ ಅಲ್ಲಿ ಕಾಜಿಯೂ ಆಗಿದ್ದ. ಅವನ ಬರಹದಲ್ಲಿ ಅಲ್ಲಿಯ ಮೀನಿನ ವಿಷಯ ಬರುತ್ತೆ. ಕೆಂಪು ಮಾಂಸದ, ಜಿಡ್ಡಿಲ್ಲದ ಮೀನನ್ನು ನಾಲ್ಕು ಹೋಳು ಮಾಡಿ, ಸ್ವಲ್ಪ ಬೇಯಿಸಿ, ಗರಿಯ ಬುಟ್ಟಿಯಲ್ಲಿಟ್ಟು ಹೊಗೆಗೆ ನೇತುಹಾಕಿ ಒಣಗಿಸ್ತಾರೆ, ಅದು ಹಿಂದೂಸ್ತಾನ, ಚೀನಾ, ಯೆಮನ್‌ಗಳಿಗೂ ಹೋಗುತ್ತೆ ಅಂತ ಬರೆದಿದ್ದಾನೆ. ಇವತ್ತು ಅದನ್ನು ಮಾಲ್ಡೀವ್ ಮೀನು ಅಂತೀವಿ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ 'ಮಾಸ್' ಅಂತಾರೆ. ಟ್ಯೂನಾವನ್ನು ಉಪ್ಪುನೀರಲ್ಲಿ ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗಿಟ್ಟು, ಕೊನೆಗೆ ಕಟ್ಟಿಗೆಯ ತುಂಡಿನಷ್ಟು ಗಟ್ಟಿಯಾಗೋವರೆಗೆ ಒಣಗಿಸೋ ಕ್ರಮ ಈಗಲೂ ಹೆಚ್ಚುಕಮ್ಮಿ ಬತೂತ ಕಂಡದ್ದೇ. ಸುಮಾರು ಏಳು ಶತಮಾನ ಹಳೆಯ ವರ್ಣನೆಯೊಂದು ಅಡುಗೆ ವಿಧಾನವಾಗಿ ಇವತ್ತಿಗೂ ನಡೆಯುತ್ತೆ ಅಂದ್ರೆ ಸಣ್ಣ ವಿಷಯ ಅಲ್ಲ.

ಈ ದ್ವೀಪಗಳಿಗೂ ಕನ್ನಡನಾಡಿಗೂ ನಂಟಿದೆ. ಲಕ್ಷದ್ವೀಪದ ಉತ್ತರದ ಅಮೀನ್‌ದೀವಿ ದ್ವೀಪಗಳು ಟಿಪ್ಪುವಿನ ಕೈಲಿದ್ದು, 1799ರ ನಂತರ ಬ್ರಿಟಿಷರಿಗೆ ಹೋಗಿ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಕೊಂಡಿದ್ದವು. 1956ರ ನವೆಂಬರ್ 1ರವರೆಗೂ ಹಾಗೇ ಇತ್ತು. ತೆಂಗಿನ ನಾರಿನ ಹುರಿ ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ತುಂಬಿಕೊಂಡು ಹೋಗೋದು ಆ ದ್ವೀಪದವರ ವಾಡಿಕೆಯಾಗಿತ್ತು.

ಹಾಗಿದ್ರೂ ನಮ್ಮ ಕರಾವಳಿಯ ಒಣಮೀನಿನಲ್ಲಿ ಹೊಗೆ ಇಲ್ಲ, ಉಪ್ಪು ಇದೆ. ಕಾರಣ ಸರಳ. ಬಿಸಿಲು ಧಾರಾಳ, ಸಾಣಿಕಟ್ಟೆಯಂಥ ಕಡೆ ಉಪ್ಪಿನ ಗದ್ದೆಗಳೂ ಇವೆ. ಸಾಲದ್ದಕ್ಕೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಸರ್ಕಾರ ಕರಾವಳಿ ಉದ್ದಕ್ಕೂ ಮೀನು ಒಣಗಿಸೋ ಯಾರ್ಡುಗಳನ್ನು ತೆರೆದು, ಅಲ್ಲಿ ಮಾತ್ರ ಸುಂಕವಿಲ್ಲದ ಉಪ್ಪು ಕೊಡೋಕೆ ಶುರು ಮಾಡಿತು. ಬಿಸಿಲೂ ಉಪ್ಪೂ ಇದ್ದ ಕಡೆ ಹೊಗೆಯ ಹಂಗು ಯಾರಿಗೆ ಬೇಕು?

ಘಟ್ಟ ಹತ್ತಿದರೆ ಕಥೆ ಬೇರೆ. ನಾನು ಬೆಳೆದ ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತೆ. ಹತ್ತುಮೀನು ಅಂತಲೇ ಹೆಸರು. ಬಿದಿರಿನ ಕೂಣಿ ಇಟ್ಟರೆ ಒಂದೇ ರಾತ್ರಿಗೆ ತಿಂದು ಮುಗಿಸೋಕಾಗದಷ್ಟು ಬೀಳುತ್ತೆ. ಆದರೆ ಒಣಗಿಸೋಕೆ ಬಿಸಿಲೆಲ್ಲಿ? ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣಲ್ಲ. ಹಾಗಾಗಿ ಬಿದಿರು ಕಡ್ಡಿಗೆ ಪೋಣಿಸಿ ಒಲೆ ಮೇಲಿನ ಅಟ್ಟಕ್ಕೆ ಸೇರಿಸ್ತಿದ್ರು. ಕಂಬಳಿ, ಬಿತ್ತನೆ ಬೀಜ, ಒದ್ದೆ ಸೌದೆ ಎಲ್ಲ ಅಲ್ಲೇ ಒಣಗೋದು. ಮೀನು ಆ ಸಾಲಿನಲ್ಲಿ ಇನ್ನೊಂದು, ಅಷ್ಟೆ.

ತಮಾಷೆ ಏನಂದ್ರೆ, ಆ ಹೊಗೆಯ ರುಚಿಯನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಸಾರಿಗೆ ಹಾಕೋ ಮುಂಚೆ ಅಜ್ಜಿ ಬಿಸಿನೀರಲ್ಲಿ ಎರಡು ಸಲ ತೊಳೆಯೋರು. "ಹೊಗೆ ವಾಸ್ನೆ ಹೋಗ್ಲಿ ಮಗಾ" ಅನ್ನೋರು. ಕಾಫಿ ಹೊಗೆ ವಾಸನೆ ಹೊಡೆದರಂತೂ ಮನೆಯ ಮರ್ಯಾದೆ ಹೋದ ಹಾಗೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಹೊಗೆಯ ರುಚಿ ಫೀಚರ್ ಅಲ್ಲ, ಸೈಡ್ ಎಫೆಕ್ಟ್. ಬೇಕಿದ್ದದ್ದು ಕೊಳೆಯದ ಮೀನು. ಫ್ರಿಜ್ಜು ಬಂದು ಆ ಕೆಲಸ ತಾನು ವಹಿಸಿಕೊಂಡ ಮೇಲೆ ಸೈಡ್ ಎಫೆಕ್ಟೇ ಬೆಲೆಬಾಳೋ ವಸ್ತುವಾಯ್ತು.

ಅಟ್ಟದಲ್ಲಿ ಮೀನಿನ ಜೊತೆಗೆ ಇಲ್ಲಣವೂ ಜೋತಾಡ್ತಿತ್ತು ಅನ್ನೋದನ್ನ ಮರೆಯೋ ಹಾಗಿಲ್ಲ. ಮೀನಿಗೆ ಹತ್ತಿದ ಹೊಗೆ ಒಲೆ ಊದೋರ ಎದೆಗೂ ಹತ್ತುತ್ತೆ. ಚಿಮಣಿಯ ಮಸಿ ಕ್ಯಾನ್ಸರ್ ತರುತ್ತೆ ಅಂತ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಚಿಮಣಿ ಗುಡಿಸೋ ಹುಡುಗರನ್ನು ನೋಡಿ ಬರೆದಿದ್ದ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ 32 ಲಕ್ಷ ಜನ ಸತ್ತರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಘಾನಾದ ರಾಜಧಾನಿ ಅಕ್ರಾದ ಪಕ್ಕದ ಚೋರ್ಕೋರ್ ಎಂಬ ಊರಲ್ಲಿ ಮೀನಿಗೆ ಹೊಗೆ ಹಾಕೋದು ಹೆಂಗಸರ ಕಸುಬು. 1970ರ ಸುಮಾರಿಗೆ ವಿಶ್ವಸಂಸ್ಥೆಯ ಆಹಾರ ಸಂಘಟನೆ, ಅಲ್ಲಿಯ ಆಹಾರ ಸಂಶೋಧನಾ ಸಂಸ್ಥೆ ಮತ್ತು ಆ ಹೆಂಗಸರು ಸೇರಿ ಹೊಸ ಒಲೆಯೊಂದನ್ನು ಮಾಡಿದರು. ಮೀನಿನ ತಟ್ಟೆಗಳನ್ನೇ ಒಂದರ ಮೇಲೊಂದು ಪೇರಿಸಿದರೆ ಅದೇ ಗೂಡು. ಸೌದೆ ಕಮ್ಮಿ, ಒಮ್ಮೆಗೆ ಬೇಯೋ ಮೀನು ಜಾಸ್ತಿ. ಊರಿನ ಹೆಸರೇ ಒಲೆಗೂ ಆಯ್ತು. ಹೊಗೆ ಮೀನಿನ ಇತಿಹಾಸದಲ್ಲಿ ಟೋರಿ ಯಂತ್ರಕ್ಕಿಂತ ಇದೇ ದೊಡ್ಡದು ಅಂತ ನನ್ನ ಲೆಕ್ಕ.

ಅಮೆರಿಕದವರು ಬೇರೆ ದಾರಿ ಹಿಡಿದರು. ಕಾನ್ಸಾಸ್ ಸಿಟಿಯ ಅರ್ನೆಸ್ಟ್ ರೈಟ್ 1895ರಲ್ಲಿ ಹೊಗೆಯನ್ನೇ ತಣ್ಣಗಾಗಿಸಿ, ನೀರು ಮಾಡಿ, ಬಾಟಲಿಗೆ ತುಂಬಿ ಮಾರೋಕೆ ಶುರು ಮಾಡಿದ. ಎರಡು ಹನಿ ಹಾಕಿದರೆ ಹೊಗೆ ರುಚಿ, ಕಣ್ಣೀರಿಲ್ಲ. ಟಾರನ್ನು ಸೋಸಿ ತೆಗೆಯೋದ್ರಿಂದ ನಿಜವಾದ ಹೊಗೆಗಿಂತ ಇದೇ ಕ್ಷೇಮ ಅಂತ ಬಹುಕಾಲ ಹೇಳ್ತಿದ್ರು. ಆದರೆ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅಂಥ ಎಂಟು ಹೊಗೆ ದ್ರಾವಣಗಳನ್ನು ಪರೀಕ್ಷಿಸಿ, ವಂಶವಾಹಿಗೆ ಹಾನಿ ಮಾಡೋ ಸಾಧ್ಯತೆಯನ್ನು ತಳ್ಳಿಹಾಕೋಕಾಗಲ್ಲ ಅಂದಿತು. ಮರುವರ್ಷ ಐರೋಪ್ಯ ಒಕ್ಕೂಟ ಅವುಗಳ ಪರವಾನಗಿ ನವೀಕರಿಸಲಿಲ್ಲ. ಮೀನು, ಹ್ಯಾಮ್, ಚೀಸಿನಂಥ ಹಳೇ ಹೊಗೆ ತಿನಿಸುಗಳಿಗೆ ಮಾತ್ರ ಹೆಚ್ಚಿನ ಗಡುವು ಕೊಟ್ಟಿದ್ದಾರೆ.

ಹಾಗಾದ್ರೆ ಫ್ಲ್ಯಾಟಿನವರು ಏನು ಮಾಡಬೇಕು? ಎರಡು ದಾರಿ ಇವೆ, ಎರಡೂ ಹಳೆಯವೇ. ಒಂದು ಉತ್ತರದವರ ಧುಂಗಾರ್. ಬೆಂದ ಮೀನಿನ ಪಾತ್ರೆಯ ನಡುವೆ ಸಣ್ಣ ಬಟ್ಟಲಲ್ಲಿ ಕೆಂಡ ಇಟ್ಟು, ಚಮಚ ತುಪ್ಪ ಬಿಟ್ಟು, ಮುಚ್ಚಳ ಹಾಕೋದು. ಘಮ ಚೆನ್ನಾಗಿರುತ್ತೆ, ಆದರೆ ಅದು ತುಪ್ಪ ಸುಟ್ಟ ಹೊಗೆ, ಮರದ್ದಲ್ಲ. ಇನ್ನೊಂದು ಚೀನಾದವರದು. ದಪ್ಪ ಕಬ್ಬಿಣದ ಬಾಣಲೆಗೆ ಫಾಯಿಲ್ ಹಾಸಿ, ಅದರ ಮೇಲೆ ಒಂದೊಂದು ಹಿಡಿ ಅಕ್ಕಿ, ಸಕ್ಕರೆ, ಚಹಾ ಎಲೆ ಹಾಕಿ, ಮೇಲೆ ಜಾಲರಿ ಇಟ್ಟು ಮೀನು ಜೋಡಿಸಿ, ಹೊಗೆ ಏಳೋಕೆ ಶುರುವಾದ ಕೂಡಲೇ ಬಿಗಿಯಾಗಿ ಮುಚ್ಚಿ ಉರಿ ಸಣ್ಣ ಮಾಡೋದು. ಮೊದಲೇ ಉಪ್ಪು ಸವರಿ ಮೇಲ್ಮೈ ಒಣಗಿಸಿದ ಬಂಗುಡೆಯಾದ್ರೆ ಹತ್ತು ಹನ್ನೆರಡು ನಿಮಿಷಕ್ಕೆ ಬಣ್ಣ ತಿರುಗುತ್ತೆ. ಒದ್ದೆ ಮೀನಿಟ್ಟರೆ ಹೊಗೆ ಸರಿಯಾಗಿ ಹಿಡಿಯಲ್ಲ, ಕಹಿಯೂ ಆಗುತ್ತೆ. ಒಳಗೆ ಬೆಂದಿಲ್ಲ ಅನ್ನಿಸಿದರೆ ತವಾ ಮೇಲೆ ಒಂದು ಸುತ್ತು ಹಾಕಿ. ಕಿಟಕಿ ತೆಗೆದಿಡಿ, ಚಿಮಣಿ ಫುಲ್ ಸ್ಪೀಡಲ್ಲಿ ಓಡಲಿ. ನಮ್ಮ ಅಟ್ಟದ ಮೀನಿಗೆ ಆ ಬಣ್ಣ ಬರೋಕೆ ಆಷಾಢ ಪೂರ್ತಿ ಬೇಕಾಗ್ತಿತ್ತು.